ಬಣ್ಣ ತೊಳೆದ ಇಂಧನ: ದಾಳಿಯೊಂದೇ ಮದ್ದಲ್ಲ

ಒಂದೇ ಇಂಧನಕ್ಕೆ ಎರಡು ದರ ಇರುವ ಕಡೆ ಕಳ್ಳದಂಧೆ ಹುಟ್ಟುತ್ತದೆ. ಬರೀ ದಾಳಿಗಳಿಂದ ಅದನ್ನು ಅಡಗಿಸಲಾಗದು ಎಂಬುದಕ್ಕೆ ಐರ್ಲೆಂಡ್ ದ್ವೀಪದ ಅನುಭವವೇ ಸಾಕ್ಷಿ.

ಅಲ್ಲಿ ಕೃಷಿ ಯಂತ್ರಗಳಿಗೆ ಕಡಿಮೆ ತೆರಿಗೆಯ ಡೀಸೆಲ್ ಸಿಗುತ್ತದೆ. ಅದು ಕಾರು, ಲಾರಿಗಳ ಟ್ಯಾಂಕ್ ಸೇರದಿರಲೆಂದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್‌ನಲ್ಲಿ ಕೆಂಪು, ಐರ್ಲೆಂಡ್ ಗಣರಾಜ್ಯದಲ್ಲಿ ಹಸಿರು ಬಣ್ಣ ಬೆರೆಸುತ್ತಾರೆ. ಬ್ರಿಟನ್ನಿನಲ್ಲಿ 2011ರ ನಂತರ ಹಲವು ವರ್ಷ ರಸ್ತೆ ವಾಹನಗಳ ಡೀಸೆಲ್‌ಗೆ ಲೀಟರಿಗೆ 57.95 ಪೆನ್ಸ್ ಸುಂಕವಿತ್ತು. ಕೆಂಪು ಡೀಸೆಲ್‌ಗೆ 11.14 ಪೆನ್ಸ್ ಮಾತ್ರ. ಈ ಅಂತರವೇ ದಂಧೆಯ ಬಂಡವಾಳ. ಗಡಿಯ ದಕ್ಷಿಣ ಅರ್ಮಾ, ಲೌತ್ ಪ್ರದೇಶಗಳ ಶೆಡ್ಡುಗಳಲ್ಲಿ ಆಮ್ಲ, ಬಣ್ಣ ಹೀರುವ ಜೇಡಿಮಣ್ಣು ಬಳಸಿ ಬಣ್ಣ ತೆಗೆದು, ಆ ಡೀಸೆಲನ್ನು ಬಂಕ್‌ಗಳಿಗೆ ಪೂರ್ತಿ ದರಕ್ಕೆ ಸಾಗಿಸುತ್ತಿದ್ದರು. ಉಳಿದ ವಿಷಕೆಸರನ್ನು ರಾತ್ರೋರಾತ್ರಿ ರಸ್ತೆಬದಿಯಲ್ಲಿ ಎಸೆಯುತ್ತಿದ್ದರು. ಖಜಾನೆಗೆ ತೆರಿಗೆ ಖೋತಾ, ವಾಹನ ಮಾಲೀಕನಿಗೆ ಎಂಜಿನ್ ರಿಪೇರಿ, ಸ್ಥಳೀಯ ಆಡಳಿತಕ್ಕೆ ಕೆಸರು ಬಾಚುವ ಖರ್ಚು.

ಒಂದು ಶೆಡ್ಡಿಗೆ ಬೀಗ ಬಿದ್ದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ದಂಧೆಯ ಬುಡ ಅಲುಗಿದ್ದು ಎರಡು ಕ್ರಮಗಳಿಂದ. ಮೊದಲನೆಯದು ಲೆಕ್ಕ: ಗಣರಾಜ್ಯವು ಪರವಾನಗಿ ನಿಯಮ ಬಿಗಿಗೊಳಿಸಿ, 2013ರಿಂದ ಇಂಧನ ವ್ಯಾಪಾರಿಗಳು ಪ್ರತಿ ತಿಂಗಳ ಖರೀದಿ, ಮಾರಾಟವನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ಎರಡನೆಯದು ರಸಾಯನ: 2015ರಲ್ಲಿ ಎರಡೂ ಸರ್ಕಾರಗಳು ಜೊತೆಯಾಗಿ, ಸುಲಭಕ್ಕೆ ಬೇರ್ಪಡದ ‘ಅಕ್ಯುಟ್ರೇಸ್’ ಎಂಬ ಹೊಸ ಗುರುತು ರಾಸಾಯನಿಕವನ್ನು ಬೆರೆಸತೊಡಗಿದವು. ಕೆಲವೇ ವರ್ಷಗಳಲ್ಲಿ ಬಣ್ಣ ತೊಳೆದ ಡೀಸೆಲ್ ಅಲ್ಲಿನ ಬಂಕ್‌ಗಳಿಂದ ಬಹುತೇಕ ಮಾಯವಾಯಿತು.

ನಮ್ಮಲ್ಲಿ ಇದೇ ದಂಧೆ ಪಡಿತರದ ನೀಲಿ ಸೀಮೆಎಣ್ಣೆಯ ರೂಪದಲ್ಲಿತ್ತು. ಬಡವರ ಒಲೆಗೆ ಹೋಗಬೇಕಾದ ಎಣ್ಣೆ ಡೀಸೆಲ್‌ಗೆ ಬೆರೆಯುತ್ತಿತ್ತು. ಇದನ್ನು ತಡೆಯಲು ಹೊರಟ ಮಂಜುನಾಥ್ ಷಣ್ಮುಗಂ ಅವರನ್ನು 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಗುಂಡಿಟ್ಟು ಕೊಂದರು. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದ ಅವರಿಗೆ ಆಗ 27 ವರ್ಷ. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನ್ಮಾಡ್ ಬಳಿ ಹೆಚ್ಚುವರಿ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು ಕಲಬೆರಕೆಕೋರರು ಜೀವಂತ ಸುಟ್ಟರು.

ಮುಂದೆ ಸೀಮೆಎಣ್ಣೆಯ ಸಬ್ಸಿಡಿ ಹಂತಹಂತವಾಗಿ ಕರಗಿ, ಬಡವರ ಮನೆಗೆ ಅಡುಗೆ ಅನಿಲ ಬಂದಾಗಲೇ ಆ ದಂಧೆಯ ಲಾಭ ಕುಸಿಯಿತು. ಹಾಗೆಂದು ಎಲ್ಲ ರಿಯಾಯಿತಿಗಳನ್ನೂ ಕಿತ್ತುಹಾಕಬೇಕಿಲ್ಲ. ನಮ್ಮ ಕರಾವಳಿಯ ಮೀನುಗಾರರಿಗೆ ಕರರಹಿತ ಡೀಸೆಲ್ ಬೇಕೇ ಬೇಕು. ಆದರೆ ರಿಯಾಯಿತಿ ಕೊಡುವ ಸರ್ಕಾರ, ಆ ಎಣ್ಣೆ ಡಿಪೊದಿಂದ ದೋಣಿಯ ಟ್ಯಾಂಕಿನವರೆಗೆ ಹೋಗುವ ಲೆಕ್ಕವನ್ನೂ ಇಡಬೇಕು. ತೊಳೆದರೂ ಹೋಗದ ಗುರುತು, ತಿಂಗಳು ತಿಂಗಳ ಲೆಕ್ಕ, ಮುನ್ಸೂಚನೆಯಿಲ್ಲದ ಮಾದರಿ ಪರೀಕ್ಷೆ: ಈ ಮೂರೂ ಇದ್ದರೆ ಒಬ್ಬ ಪ್ರಾಮಾಣಿಕ ಅಧಿಕಾರಿ ಏಕಾಂಗಿಯಾಗಿ ಬಂಕ್ ಮಾಲೀಕನ ಎದುರು ನಿಲ್ಲಬೇಕಾಗುವುದಿಲ್ಲ. ಅಂಥ ವ್ಯವಸ್ಥೆ ಕಟ್ಟುವುದೇ ಮಂಜುನಾಥ್ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.