ಹಲ್ಲಿಗೆ ತಂತಿ: ಮೊದಲ ಭೇಟಿಯಲ್ಲಿ ಏನೇನು?

ಶಾಲೆಯ ಗ್ರೂಪ್ ಫೋಟೋದಲ್ಲಿ ಎಲ್ಲ ಮಕ್ಕಳೂ ನಗುತ್ತಿರುತ್ತಾರೆ. ಒಬ್ಬಳು ಮಾತ್ರ ತುಟಿ ಬಿಗಿಹಿಡಿದು ನಿಂತಿರುತ್ತಾಳೆ. ಮನೆಯಲ್ಲಿ ಕೇಳಿದರೆ, 'ಅವಳಿಗೆ ಹಲ್ಲು ಸ್ವಲ್ಪ ಉಬ್ಬು, ದೊಡ್ಡವಳಾದ ಮೇಲೆ ನೋಡಿದರಾಯಿತು' ಎಂಬ ಉತ್ತರ. ಈ 'ನೋಡಿದರಾಯಿತು' ಎಷ್ಟೋ ಸಲ ಮದುವೆಯ ಮಾತುಕತೆಯವರೆಗೂ ಮುಂದುವರಿಯುತ್ತದೆ. ದೊಡ್ಡವರಿಗೂ ವಕ್ರದಂತ ಚಿಕಿತ್ಸೆ ಸಾಧ್ಯ, ನಿಜ. ಆದರೆ ದವಡೆ ಬೆಳೆಯುವಾಗ ಸುಲಭವಾಗಿ ತಿದ್ದಬಹುದಾದ ಕೆಲವು ದೋಷಗಳಿಗೆ, ಬೆಳವಣಿಗೆ ನಿಂತ ಮೇಲೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಯಾವಾಗ ತೋರಿಸಬೇಕು?

ಮಗುವಿಗೆ 7 ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ ಎಂಬುದು ಅಮೆರಿಕದ ವಕ್ರದಂತ ತಜ್ಞರ ಸಂಘದ ಸಲಹೆ. ಆಗಲೇ ತಂತಿ ಹಾಕುತ್ತಾರೆಂದಲ್ಲ. ಬಹಳ ಮಕ್ಕಳಿಗೆ 'ಇನ್ನಷ್ಟು ಕಾಯೋಣ' ಎಂದೇ ಹೇಳುತ್ತಾರೆ. ಹಾಲುಹಲ್ಲುಗಳೆಲ್ಲ ಬಿದ್ದ ಮೇಲೆ, ಸುಮಾರು 11ರಿಂದ 14ರ ವಯಸ್ಸಿನಲ್ಲಿ ತಂತಿ ಹಾಕುವುದು ವಾಡಿಕೆ. ಆದರೆ ಮಗು ಹೆಬ್ಬೆರಳು ಚೀಪುವುದನ್ನು ಬಿಡದಿದ್ದರೆ, ಬಾಯಿಂದಲೇ ಉಸಿರಾಡುತ್ತಿದ್ದರೆ, ಕೆಳಗಿನ ಹಲ್ಲು ಮೇಲಿನದಕ್ಕಿಂತ ಮುಂದೆ ಬಂದಿದ್ದರೆ ಕಾಯಬೇಡಿ.

ಎಲ್ಲಿ ತೋರಿಸಬೇಕು?

ಮೊದಲು ಊರಿನ ದಂತವೈದ್ಯರಿಗೇ ತೋರಿಸಿ. ತಂತಿ ಹಾಕುವ ತಜ್ಞರು ಬಿ.ಡಿ.ಎಸ್. ಮುಗಿಸಿ, ಮತ್ತೆ 3 ವರ್ಷ ಇದೇ ವಿಷಯದಲ್ಲಿ ಎಂ.ಡಿ.ಎಸ್. ಓದಿರುತ್ತಾರೆ. ಕೆಲವು ಕ್ಲಿನಿಕ್ಕುಗಳಿಗೆ ಇಂಥವರು ಗೊತ್ತಾದ ದಿನ ಬಂದುಹೋಗುವುದುಂಟು, ವಿಚಾರಿಸಿ. ಧಾರವಾಡದ ಎಸ್.ಡಿ.ಎಂ., ಬೆಳಗಾವಿಯ ಕೆ.ಎಲ್.ಇ., ಮಣಿಪಾಲದ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ.

ಮೊದಲ ದಿನ

ಹೆದರಬೇಡಿ. ಅಂದೇ ತಂತಿ ಹಾಕುವುದಿಲ್ಲ, ಹಲ್ಲು ಕೀಳುವುದೂ ಸಾಮಾನ್ಯವಾಗಿ ಇರುವುದಿಲ್ಲ. ಮಗು ಬಿದ್ದು ಪೆಟ್ಟಾಗಿತ್ತೇ, ಯಾವ ಔಷಧ ತೆಗೆದುಕೊಳ್ಳುತ್ತಿದೆ, ಮನೆಯಲ್ಲಿ ಯಾರಿಗೆ ಇಂಥ ಹಲ್ಲಿದೆ ಎಂದು ಕೇಳುತ್ತಾರೆ. ಮುಖವನ್ನು ಎದುರಿನಿಂದ, ಪಕ್ಕದಿಂದ ನೋಡಿ, ಕಚ್ಚಿಸಿ ಪರೀಕ್ಷಿಸುತ್ತಾರೆ. ಹುಳುಕು ಇದ್ದರೆ ಅದನ್ನು ಮೊದಲು ಸರಿಪಡಿಸಬೇಕು.

ಅಂದೇ ಅಥವಾ ಮುಂದಿನ ಸಲ ಫೋಟೋ, ಹಲ್ಲಿನ ಅಚ್ಚು, ಎಕ್ಸ್‌ರೇ ತೆಗೆಯುತ್ತಾರೆ. ಎಕ್ಸ್‌ರೇ ಸಾಮಾನ್ಯವಾಗಿ ಎರಡು: ಎಲ್ಲ ಹಲ್ಲುಗಳೂ ಒಟ್ಟಿಗೆ ಕಾಣುವಂಥದು ಒಂದು, ತಲೆಯನ್ನು ಪಕ್ಕದಿಂದ ತೆಗೆದದ್ದು ಇನ್ನೊಂದು. ಅಚ್ಚಿನ ಹಿಟ್ಟು ಬಾಯಲ್ಲಿರುವ ಒಂದೆರಡು ನಿಮಿಷ ಮೂಗಿನಿಂದ ಉಸಿರಾಡಬೇಕು. ಹೊಟ್ಟೆ ಬಿರಿಯ ತಿಂದು ಹೋದರೆ ಓಕರಿಕೆ ಬಂದೀತು!

ಜಾಗ ಸಾಲದಿದ್ದರೆ ಒಂದೆರಡು, ಕೆಲವೊಮ್ಮೆ ನಾಲ್ಕು ಹಲ್ಲು ತೆಗೆಸಲು ಹೇಳಬಹುದು. ಏಕೆಂದು ಕೇಳಿ ತಿಳಿದುಕೊಳ್ಳಿ. ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂಬುದು ಮಾತ್ರ ಬರೀ ಮೂಢನಂಬಿಕೆ.

ಪಾಲಕರು ಕೇಳಬೇಕಾದ್ದು

ಒಟ್ಟು ಖರ್ಚೆಷ್ಟು? ಕಂತಿನಲ್ಲಿ ಕೊಡಬಹುದೇ? ತಂತಿ ತೆಗೆದ ನಂತರ ಹಾಕುವ ರಿಟೇನರ್ ಅದರಲ್ಲೇ ಸೇರಿದೆಯೇ? ಎಷ್ಟು ತಿಂಗಳು? ಚಿಕಿತ್ಸೆ ಬಹುಪಾಲು ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ, 4ರಿಂದ 6 ವಾರಕ್ಕೊಮ್ಮೆ ಹೋಗಬೇಕು. ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ಧಾರವಾಡಕ್ಕೆ ಹೋಗುವುದಾದರೆ ಇಪ್ಪತ್ತು ಸಲದ ಬಸ್ ಖರ್ಚು, ಶಾಲೆಯ ರಜೆ ಎರಡನ್ನೂ ಲೆಕ್ಕ ಹಾಕಿ.

ಇನ್ನೊಂದು ಮುಖ್ಯ ಮಾತು. ಹತ್ತನೆಯ ತರಗತಿಯಲ್ಲಿ ಶಿರಸಿಯಲ್ಲಿ ತಂತಿ ಹಾಕಿಸಿಕೊಂಡು, ಪಿ.ಯು.ಸಿ.ಗೆ ಮಂಗಳೂರಿನ ಹಾಸ್ಟೆಲ್ ಸೇರಿದರೆ ಮುಂದೆ ನೋಡುವವರಾರು? ಅರ್ಧಕ್ಕೆ ಬಿಟ್ಟ ತಂತಿಯಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಇದನ್ನು ಮೊದಲ ದಿನವೇ ವೈದ್ಯರಿಗೆ ತಿಳಿಸಿ. ಎಂಟನೆಯ ತರಗತಿಯಲ್ಲೇ ಆರಂಭಿಸಿದರೆ ಈ ತೊಡಕು ತಪ್ಪೀತು.

ವಿದ್ಯಾರ್ಥಿಗಳಿಗೆ

ತಂತಿ ಬಿಗಿಸಿದ ಮೂರ್ನಾಲ್ಕು ದಿನ ಹಲ್ಲು ನೋಯುತ್ತದೆ. ಗಂಜಿ, ಮೆತ್ತನೆಯ ಅನ್ನ ಸಾಕು. ಚಕ್ಕುಲಿ ಕಂಬಳದಲ್ಲಿ ಚಕ್ಕುಲಿ ಸುತ್ತಲು ಅಡ್ಡಿಯಿಲ್ಲ, ಕಟುಮ್ಮೆಂದು ಕಡಿಯುವಂತಿಲ್ಲ. ಆಲೆಮನೆಗೆ ಹೋದರೆ ಕಬ್ಬು ಸಿಗಿಯದೆ ಹಾಲನ್ನಷ್ಟೇ ಕುಡಿದು ಬಾಯಿ ತೊಳೆಯಿರಿ. ಉಂಡ ಮೇಲೆಲ್ಲ ಹಲ್ಲುಜ್ಜಬೇಕು. ತಂತಿ ತೆಗೆದ ಮೇಲೆ ರಿಟೇನರ್ ಹಾಕದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಮರಳಲು ನೋಡುತ್ತದೆ.

ಹೊರಡುವ ಮೊದಲು ಮಗುವನ್ನೇ ಒಮ್ಮೆ ಕೇಳಿ: 'ನಿನಗೆ ಬೇಕಾ?' ಎರಡು ವರ್ಷ ತಂತಿ ಕಟ್ಟಿಕೊಂಡಿರಬೇಕಾದ್ದು ಅದೇ ತಾನೆ!