ಹರಿಯುವ ನೀರಿಗೆ ಅಭಯಧಾಮವೆಲ್ಲಿ?

ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎರಚದೆ ಹಿಂದಿರುಗುವ ಯಾತ್ರಿಕರು ವಿರಳ. ಮೊಳದುದ್ದದ ಮೀನುಗಳು ಮನುಷ್ಯರ ಭಯವಿಲ್ಲದೆ ಮೆಟ್ಟಿಲಿನ ಅಂಚಿಗೇ ಬಂದು ಬಾಯಿ ತೆರೆಯುತ್ತವೆ. ಅವನ್ನು ಹಿಡಿಯುವುದು ನಿಷಿದ್ಧ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿಯೂ, ಕಾವೇರಿಯ ದಡದ ರಾಮನಾಥಪುರದಲ್ಲಿಯೂ ಇದೇ ಕಟ್ಟುಪಾಡು. ವನ್ಯಜೀವಿ ಸಂರಕ್ಷಣೆಯ ಕಾನೂನು 1972ರಲ್ಲಿ ಬಂದಿತು. ಅದಕ್ಕೆ ಬಹು ಹಿಂದೆಯೇ ನಮ್ಮ ಜನ ನದಿಯ ಒಂದೊಂದು ತುಂಡನ್ನು ದೇವರ ಹೆಸರಿನಲ್ಲಿ ಕಾಯ್ದಿಟ್ಟಿದ್ದರು.

ಆದರೆ 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಹೊಳೆಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತು ತೇಲಿದವು. ಅವುಗಳ ನೆನಪಿಗಾಗಿ ಅಲ್ಲಿ ಒಂದು ಸ್ಮಾರಕವೇ ಎದ್ದಿದೆ. ಮೀನಿಗೂ ಸ್ಮಾರಕವೆ ಎಂದು ನಗುವವರು ನಗಲಿ. ಹುಲಿಯನ್ನು ಉಳಿಸಲು ಕಾಡಿನ ಸುತ್ತ ಒಂದು ಗೆರೆ ಎಳೆಯಬಹುದು. ಕ್ಷಣವೂ ನಿಲ್ಲದೆ ಹರಿಯುವ ನೀರಿಗೆ ಆ ಗೆರೆಯನ್ನು ಎಲ್ಲಿ ಎಳೆಯಬೇಕು?

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಮೀನಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕಾರಣ ಸರಳವಾಗಿದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಶುದ್ಧವಾದ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ಅತ್ತ ಉಷ್ಣತೆ ಏರಿದಂತೆ ಮೀನಿನ ಉಸಿರಾಟದ ವೇಗವೂ ಏರುತ್ತದೆ. ಎಂದರೆ ಬೇಡಿಕೆ ಹೆಚ್ಚುವ ವೇಳೆಗೆ ಸರಿಯಾಗಿ ಪೂರೈಕೆ ಕುಗ್ಗುತ್ತದೆ. ಮಡುವಿನ ದಡದಲ್ಲಿ ಕಾವಲುಗಾರನನ್ನು ನಿಲ್ಲಿಸಿ, ಹತ್ತು ಮೈಲಿ ಮೇಲೆ ಹಳ್ಳಗಳಿಗೆ ನೆರಳಾಗಿದ್ದ ಮರಗಳನ್ನು ಕಡಿದರೆ, ಗಾಳವನ್ನೂ ಬಲೆಯನ್ನೂ ಕಾಣದೆಯೇ ಮೀನು ಸಾಯಬಹುದು.

ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನವು 1926ರಲ್ಲಿ ಸ್ಥಾಪಿತವಾದ, ಲೋಕಪ್ರಸಿದ್ಧವಾದ ಅಭಯಾರಣ್ಯ. ಅದರೊಳಗೆ ಹರಿಯುವ ಒಲಿಫ್ಯಾಂಟ್ಸ್ ನದಿಯಾದರೋ ಹೊರಗೆ ಹುಟ್ಟಿ, ಕಲ್ಲಿದ್ದಲಿನ ಗಣಿಗಳ ಮತ್ತು ಹೊಲಗಳ ಕೊಳೆಯನ್ನು ಹೊತ್ತು ಉದ್ಯಾನವನ್ನು ಪ್ರವೇಶಿಸುತ್ತದೆ. ಕೆಳಗಡೆ, ನೆರೆಯ ಮೊಜಾಂಬಿಕಿನ ಮಸ್ಸಿಂಗಿರ್ ಅಣೆಕಟ್ಟಿನ ಹಿನ್ನೀರು ಉದ್ಯಾನದ ಕಂದರದವರೆಗೂ ಚಾಚಿದೆ. 2008ರಲ್ಲಿ ಆ ಕಂದರದಲ್ಲಿ ನೂರಕ್ಕೂ ಹೆಚ್ಚು ಮೊಸಳೆಗಳು ದೇಹದ ಕೊಬ್ಬು ಗಟ್ಟಿಯಾಗುವ ವಿಚಿತ್ರ ರೋಗದಿಂದ ಸತ್ತವು. ರೋಗದ ನಿಖರವಾದ ಕಾರಣದ ವಿಷಯದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯಗಳುಂಟು. ಉದ್ಯಾನದ ಬೇಲಿ ಮೊಸಳೆಗಳನ್ನು ಕಾಪಾಡಲಿಲ್ಲವೆಂಬುದರಲ್ಲಿ ಮಾತ್ರ ಇಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಉತ್ತರ ಕನ್ನಡದಲ್ಲಿ ಪ್ರಕೃತಿ ಮತ್ತು ಮನುಷ್ಯರು ಸೇರಿ ಒಂದು ಅಚ್ಚುಕಟ್ಟಾದ ಪ್ರಯೋಗವನ್ನೇ ನಡೆಸಿದ್ದಾರೆ. ಶರಾವತಿ ಮತ್ತು ಅಘನಾಶಿನಿ ಎರಡೂ ಅದೇ ಘಟ್ಟವನ್ನಿಳಿದು ಅದೇ ಅರಬ್ಬೀ ಸಮುದ್ರವನ್ನು ಸೇರುವ ನೆರೆಹೊರೆಯ ಹೊಳೆಗಳು. ಒಂದಕ್ಕೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. ಇನ್ನೊಂದು ಇಂದಿಗೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುತ್ತಿದೆ. ಪ್ರಯೋಗಶಾಲೆಯಲ್ಲಿ ನಾವು ಹೋಲಿಕೆಗಾಗಿ ಒಂದು ಮಾದರಿಯನ್ನು ಮುಟ್ಟದೆ ಇಡುತ್ತೇವಲ್ಲವೆ, ಹಾಗೆ. ವಿದ್ಯುತ್ತಿಗಾಗಿ ಜಲಾಶಯದಿಂದ ವರ್ಷವಿಡೀ ಬಿಡುವ ಸಿಹಿನೀರು ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶವನ್ನು ತಗ್ಗಿಸಿ, ಅಲ್ಲಿ ಹಿಂದೆ ಹೇರಳವಾಗಿದ್ದ ಚಿಪ್ಪಿನ ಜೀವಿಗಳನ್ನು ಬಹುಮಟ್ಟಿಗೆ ಅಳಿಸಿಹಾಕಿತು. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು ಎಂಬ ಹಳೆಯ ಲಯ ಉಳಿದಿರುವ ಅಘನಾಶಿನಿಯ ಅಳಿವೆಯಲ್ಲಿ ಅದೇ ಜೀವಿಗಳನ್ನು ಆರಿಸಿ ಮಾರಿ ಇಂದಿಗೂ ಎಷ್ಟೋ ಕುಟುಂಬಗಳು ಬದುಕುತ್ತಿವೆ. ಗಮನಿಸಿ, ಶರಾವತಿಯಲ್ಲಿ ನೀರು ಕಡಮೆಯಾದುದರಿಂದ ಈ ಹಾನಿಯಾಗಲಿಲ್ಲ. ಬರಬಾರದ ಕಾಲದಲ್ಲಿ ಬಂದುದರಿಂದ ಆಯಿತು. ಸ್ಥಳದ ನಕ್ಷೆಯಂತೆಯೇ ಕಾಲದ ನಕ್ಷೆಯೂ ಇಲ್ಲದ ಯೋಜನೆ ಹೊಳೆಯ ಪಾಲಿಗೆ ಅರ್ಧ ಯೋಜನೆ.

ಯಾವ ಜೀವಿಯನ್ನು ರಕ್ಷಿಸುತ್ತಿದ್ದೇವೆಂದು ತಿಳಿಯದೆ ರಕ್ಷಿಸಹೊರಟರೆ ಆಗುವ ಅನಾಹುತಕ್ಕೆ ಕಾವೇರಿಯ ಡುಬ್ಬದ ಮಹಶೀರ್ ಸಾಕ್ಷಿಯಾಗಿದೆ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಮಹಶೀರ್ ಒಂದು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಮಹಶೀರ್ ಕುಲ ಕ್ಷೀಣಿಸುತ್ತಿದೆಯೆಂದು 1970ರ ದಶಕದಿಂದ ಲೋಣಾವಳದಲ್ಲಿ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ಅನೇಕ ನದಿಗಳಿಗೆ ಬಿಡಲಾಯಿತು. ಕಾವೇರಿಗೂ ಅವು ಬಂದವು. ಉದ್ದೇಶ ಒಳ್ಳೆಯದೇ. ಹವ್ಯಾಸಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ಸಂಶೋಧಕರು ಪರಿಶೀಲಿಸಿದಾಗ ಒಟ್ಟು ಮೀನುಗಳ ಸಂಖ್ಯೆ ಏರಿರುವುದು ಕಂಡಿತು. ಆದರೆ ಏರಿದ್ದು ನೀಲಿ ರೆಕ್ಕೆಯದು! ಕಾವೇರಿಯ ಸ್ವಂತದ್ದಾದ, ಕಿತ್ತಳೆ ಬಣ್ಣದ ರೆಕ್ಕೆಯ ಡುಬ್ಬದ ಮೀನು ಅದೇ ಅವಧಿಯಲ್ಲಿ ಕುಸಿಯುತ್ತ ಬಂದಿತ್ತು. ಹೊರಗಿನಿಂದ ಬಂದ ಬಂಧುವೇ ಇದನ್ನು ಬದಿಗೊತ್ತಿತೆಂದು ಅವರ ಬಲವಾದ ಸಂಶಯ. ಜಗತ್ತಿನ ಅತಿ ದೊಡ್ಡ ಮಹಶೀರ್‌ಗಳಲ್ಲೊಂದಾದ ಈ ಮೀನಿಗೆ ಅಲ್ಲಿಯವರೆಗೆ ಖಚಿತವಾದ ಶಾಸ್ತ್ರೀಯ ನಾಮವೂ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತು ಟಾರ್ ರೆಮಾದೇವಿಯೈ ಎಂದು ಹೆಸರಾಗಿದ್ದ ಮೀನೂ ಇದೂ ಒಂದೇ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಮರಣಶಯ್ಯೆಯೂ ಒಟ್ಟಿಗೇ ಆದಂತೆ.

ಇದು ಒಂದು ಮೀನಿನ ಕಥೆಯಲ್ಲ. ಪಶ್ಚಿಮ ಘಟ್ಟಗಳ ಸುಮಾರು 290 ಜಾತಿಯ ಸಿಹಿನೀರಿನ ಮೀನುಗಳಲ್ಲಿ ಮೂರರಲ್ಲಿ ಎರಡು ಪಾಲು ಜಗತ್ತಿನ ಬೇರೆಲ್ಲಿಯೂ ಇಲ್ಲ. 2025ರ ಆರಂಭದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಮೀನು, ಏಡಿ, ಸಿಗಡಿ, ಏರೋಪ್ಲೇನ್ ಚಿಟ್ಟೆ ಮೊದಲಾದ 23,496 ಸಿಹಿನೀರಿನ ಜಾತಿಗಳನ್ನು ಪರಿಶೀಲಿಸಿ, ನಾಲ್ಕರಲ್ಲಿ ಒಂದು ಪಾಲು ಅಳಿವಿನ ಭೀತಿಯಲ್ಲಿದೆಯೆಂದು ತಿಳಿಸಿತು. ಅದರಲ್ಲಿಯೇ ನಮ್ಮಂಥ ಭೌತಶಾಸ್ತ್ರಜ್ಞರ ಹೆಮ್ಮೆಯನ್ನು ಇಳಿಸುವ ಮಾತೂ ಇದೆ. ನೀರಿನ ಅಭಾವ, ನೀರಿನಲ್ಲಿಯ ಸಾರಜನಕ ಮುಂತಾದ ಅಳತೆಗಳನ್ನಷ್ಟೇ ನೋಡಿ ರಕ್ಷಣೆಯ ಸ್ಥಳಗಳನ್ನು ಆರಿಸಿದರೆ, ಅಪಾಯದಲ್ಲಿರುವ ಜೀವಿಗಳ ನೆಲೆಗಳು ಬಹುಪಾಲು ತಪ್ಪಿಹೋಗುತ್ತವೆಯಂತೆ. ಉಷ್ಣತಾಮಾಪಕದ ಜೊತೆಗೆ ಮೀನುಗಳ ಗುರುತು ಬಲ್ಲವನೂ ಬೇಕೆಂದಾಯಿತು.

ಹಾಗಾದರೆ ಗೆರೆ ಎಲ್ಲಿ? 2007ರಲ್ಲಿ ರಾಬಿನ್ ಏಬೆಲ್ ಮತ್ತು ಸಂಗಡಿಗರು ಸೂಚಿಸಿದ ಉತ್ತರ ನಮಗೆ ಯುಕ್ತವಾಗಿ ತೋರುತ್ತದೆ. ಒಂದೇ ಗೆರೆಯಲ್ಲ, ಮೂರು. ಜೀವಿ ನೆಲಸಿರುವ ಮಡು ಅಥವಾ ಕೆರೆ ಮೊದಲನೆಯದು, ಅಲ್ಲಿ ಕಟ್ಟುನಿಟ್ಟು. ಆ ಮಡುವಿಗೆ ಜೀವ ಕೊಡುವ ಭಾಗಗಳು, ಎಂದರೆ ಮೊಟ್ಟೆಯಿಡಲು ಮೀನು ಏರಿಹೋಗುವ ಹಳ್ಳ, ದಡದ ಮರಗಳ ಸಾಲು, ಎರಡನೆಯದು. ಅಲ್ಲಿ ಕೆಲವು ಕೆಲಸಗಳಿಗೆ, ಕೆಲವು ಕಾಲಗಳಲ್ಲಿ ತಡೆ. ಮೂರನೆಯದು ಇಡೀ ಜಲಾನಯನ ಪ್ರದೇಶ. ಅಲ್ಲಿ ಜನರು ಉಳಲಿ, ಬದುಕಲಿ. ಗೊಬ್ಬರ, ಕೊಳೆ, ಮಣ್ಣಿನ ಸವಕಳಿಗಳಿಗೆ ಮಾತ್ರ ಮಿತಿಯಿರಲಿ. ದಕ್ಷಿಣ ಆಫ್ರಿಕದವರು 2011ರಲ್ಲಿ ತಮ್ಮ ದೇಶಕ್ಕೆಲ್ಲ ಆದ್ಯತೆಯ ಹೊಳೆಗಳ ನಕ್ಷೆಯನ್ನೇ ಹೊರತಂದರು. ದೊಡ್ಡ ನದಿಗಳಿಗಿಂತ ಉಪನದಿಗಳು ಒಳ್ಳೆಯ ಸ್ಥಿತಿಯಲ್ಲಿರುವುದು ಅದರಿಂದ ತಿಳಿಯಿತು.

ನಮ್ಮಲ್ಲಿಯೋ, ಅಭಯಾರಣ್ಯಗಳ ನಕ್ಷೆಯಲ್ಲಿ ನದಿ ಅನೇಕ ಕಡೆ ಗಡಿಯಾಗಿಯೇ ಬರುತ್ತದೆ. ಬಂಡೀಪುರ ಮತ್ತು ನಾಗರಹೊಳೆಗಳ ನಡುವೆ ಕಬಿನಿ ಹರಿಯುವುದೂ ಹಾಗೆಯೇ. ಆನೆಗೆ ಅದು ಗಡಿಯಿರಬಹುದು; ಮೀನಿಗೆ ಅದೇ ಮನೆ. 2030ರೊಳಗೆ ನೆಲ, ಒಳನಾಡಿನ ನೀರು, ಕಡಲು ಇವುಗಳ ಶೇಕಡ 30 ಭಾಗವನ್ನು ರಕ್ಷಿಸಬೇಕೆಂದು ರಾಷ್ಟ್ರಗಳು 2022ರಲ್ಲಿ ಒಪ್ಪಿಕೊಂಡಿವೆ. ಕಾಡಿನ ಚದರ ಕಿಲೋಮೀಟರುಗಳನ್ನೇ ಎಣಿಸಿ ನೀರಿನ ಲೆಕ್ಕವನ್ನೂ ಅದರಲ್ಲಿ ಜಮಾ ಮಾಡಿಬಿಟ್ಟಾರೆಂಬುದು ನಮ್ಮ ಅಂಜಿಕೆ.

ಕಟ್ಟಿದ ಅಣೆಕಟ್ಟುಗಳನ್ನು ಒಡೆಯಿರೆಂದು ನಾವು ಹೇಳುತ್ತಿಲ್ಲ. ಕಾವೇರಿಯ ನೀರನ್ನುಂಡು ಬೆಳೆದ ನಾವು ಹಾಗೆ ಹೇಳುವುದು ಕೃತಘ್ನತೆಯಾದೀತು. ಕಟ್ಟದೆ ಉಳಿದಿರುವ ಹೊಳೆಗಳಲ್ಲಿ ಕೆಲವನ್ನಾದರೂ ಮೂಲದಿಂದ ಕಡಲಿನವರೆಗೆ ಒಂದೇ ಘಟಕವೆಂದು ಘೋಷಿಸಲಿ ಎನ್ನುತ್ತೇವೆ. ಅಘನಾಶಿನಿಯಿಂದಲೇ ಆರಂಭಿಸಬಹುದು. ಅದರ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಮೇಲೆ ಘಟ್ಟದಲ್ಲಿ ಸಿಂಗಳೀಕಗಳ ಸಲುವಾಗಿ ಕಾಡಿಗೆ ರಕ್ಷಣೆಯಿದೆ. ತಲೆಗೂ ಪಾದಕ್ಕೂ ಗೌರವ ಸಂದಿತು. ಇವೆರಡರ ನಡುವೆ ಹರಿಯುವ ನೀರಿಗೆ ಮಾತ್ರ, ನೀರೆಂಬ ಕಾರಣಕ್ಕಾಗಿ, ಅಂಥ ರಕ್ಷಣೆಯಿಲ್ಲ. ಅದನ್ನು ಪೂರ್ವಕ್ಕೆ ತಿರುಗಿಸುವ ಪ್ರಸ್ತಾಪಗಳೋ ಮತ್ತೆ ಮತ್ತೆ ತಲೆಯೆತ್ತುತ್ತಿವೆ.

ಇಂಥ ಯೋಜನೆಗೆ ಮೊದಲು ಬೇಕಾದುದು, ಬೇಸಗೆಯ ಉರಿಯಲ್ಲಿಯೂ ಯಾವ ಉಪನದಿ ತಣ್ಣಗಿದ್ದು ಮೀನುಗಳಿಗೆ ಆಶ್ರಯ ಕೊಡುತ್ತದೆಂಬ ಮಾಹಿತಿ. ಹೊಳೆಯ ಸಮೀಪದ ಕಾಲೇಜುಗಳ ವಿದ್ಯಾರ್ಥಿಗಳೇ ಇದನ್ನು ಸಂಗ್ರಹಿಸಬಹುದು. ಉಷ್ಣತಾಮಾಪಕ ನಮ್ಮ ಬೀರುವಿನಲ್ಲಿದೆ. ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನಕ್ಕೆ ಬೇಕಾದ ರಾಸಾಯನಿಕಗಳು ಪಕ್ಕದ ರಸಾಯನಶಾಸ್ತ್ರ ವಿಭಾಗದಲ್ಲಿ ದೊರೆಯುತ್ತವೆ. ಬಲೆಗೆ ಬಿದ್ದ ಮೀನಿನ ಹೆಸರು ಹೇಳಲು ಊರಿನ ಬೆಸ್ತರಿದ್ದಾರೆ. ಒಂದೇ ಸೇತುವೆಯ ಕೆಳಗೆ, ಒಂದೇ ಹೊತ್ತಿಗೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ ಅಳೆದು ಬರೆದಿಟ್ಟರೆ ಆಯಿತು.