ಪ್ರಾಣ ತೂಗುವ ತಕ್ಕಡಿ ಯಾರ ಕೈಯಲ್ಲಿ?

ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ಬಟ್ಟಿನಿಂದ ಒಂದು ಕಿಲೋ ಬೇಳೆ ತೂಗಿದ ಸಣ್ಣ ವ್ಯಾಪಾರಿ ದಂಡ ತೆರಬೇಕು. ತೆರಲಿ, ಅದು ನ್ಯಾಯವೇ. ಆದರೆ ಮನುಷ್ಯನ ಪ್ರಾಣವನ್ನೇ ತೂಗುವ ಇನ್ನೊಂದು ತಕ್ಕಡಿಯಿದೆ. ಹೊಸ ಔಷಧ ಹಳೆಯದಕ್ಕಿಂತ ಮೇಲೋ ಕೀಳೋ ಎಂದು ರೋಗಿಗಳ ಮೇಲೆ ನಡೆಸುವ ಪ್ರಯೋಗವೇ ಆ ತಕ್ಕಡಿ. ಅದು ಯಾರ ಕೈಯಲ್ಲಿದೆ? ಅದರ ಮುದ್ರೆಯನ್ನು ನೋಡುವವರು ಯಾರು?

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ತೀವ್ರ ನಿಗಾ ಘಟಕದಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿಯಾಗಿ ಏಳಬೇಕು. ಅರಿವಳಿಕೆ ಕೊಟ್ಟು ಮಲಗಿಸಿದವನು 'ನನ್ನ ರಕ್ತಕ್ಕೆ ಏನು ಬಿಡುತ್ತಿದ್ದೀರಿ?' ಎಂದು ಕೇಳಲಾರ. ಹೊರಗೆ ಕುಳಿತ ಹೆಂಡತಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾಳೆ.

ಯೂರೋಪಿನ ಒಂದು ಸಂಗತಿ ಕೇಳಿ. ರಕ್ತದೊತ್ತಡ ಕುಸಿದ ರೋಗಿಗೆ ಉಪ್ಪುನೀರಿನ ಬಾಟಲಿ ಏರಿಸುವುದು ಹಳೆಯ ಪದ್ಧತಿ, ಅದು ಅಗ್ಗ. ಅದರ ಬದಲಿಗೆ ಮೆಕ್ಕೆಜೋಳ, ಆಲೂಗಡ್ಡೆಗಳ ಗಂಜಿಯನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಬಾಟಲಿಗೆ ತುಂಬಿ ಹೆಚ್ಚಿನ ಬೆಲೆಗೆ ಮಾರಿದರು. ಹೈಡ್ರಾಕ್ಸಿ ಈಥೈಲ್ ಸ್ಟಾರ್ಚ್ ಎಂದು ಅದರ ಹೆಸರು. ನೂಲಿಗೆ ಗಂಜಿ ಹಾಕುವ ಗಿರಣಿ ಕಾರ್ಮಿಕನಿಗೆ ಗಂಜಿಯ ಗುಣ ಗೊತ್ತು: ಹಿಡಿದರೆ ಬಿಡದು. ರಕ್ತನಾಳದಲ್ಲೂ ಅದು ನೀರನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಮಾರುವವರ ವಾದ. ಆದರೆ ಅದು ಮೂತ್ರಪಿಂಡದಲ್ಲೂ ಹೋಗಿ ಕೂರುತ್ತದೆ!

ಈ ಗಂಜಿಯ ಪರವಾಗಿ ಪ್ರಬಂಧದ ಮೇಲೆ ಪ್ರಬಂಧ ಬರೆದವರಲ್ಲಿ ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಪ್ರಮುಖರು. 2009ರಲ್ಲಿ ಅವರು ಪ್ರಕಟಿಸಿದ ಪ್ರಯೋಗದ ಅಂಕಿಗಳು ಅತಿ ಅಚ್ಚುಕಟ್ಟಾಗಿವೆ ಎಂದು ಓದಿದ ವೈದ್ಯರಿಗೇ ಸಂಶಯ ಬಂತು. ವಿಚಾರಣೆಯಾದಾಗ ಆ ಪ್ರಯೋಗ ನಡೆದದ್ದಕ್ಕೆ ಪುರಾವೆಯೇ ಸಿಗಲಿಲ್ಲ. 2010ರಲ್ಲಿ ಅವರ ಹುದ್ದೆ ಹೋಯಿತು. ಇದುವರೆಗೆ ಹಿಂದಕ್ಕೆ ಪಡೆದ ಅವರ ಪ್ರಬಂಧಗಳ ಸಂಖ್ಯೆ 180ನ್ನು ದಾಟಿದೆ. 2013ರಲ್ಲಿ ಬೇರೆ ಸಂಶೋಧಕರು ಅವರ ಪ್ರಯೋಗಗಳನ್ನು ತೆಗೆದುಹಾಕಿ ಉಳಿದ ಲೆಕ್ಕವನ್ನು ಕೂಡಿಸಿದಾಗ, ಗಂಜಿ ಕೊಟ್ಟ ಕಡೆ ಸಾವು ಹೆಚ್ಚೆಂದು ಕಂಡಿತು.

ನೆಟ್ಟಗಿನ ತಕ್ಕಡಿ ಹೇಗಿರುತ್ತದೆ? ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್, ಐಸ್ಲೆಂಡ್‌ಗಳ ವೈದ್ಯರು ನಂಜೇರಿದ 798 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಗಂಜಿ, ಇನ್ನೊಂದಕ್ಕೆ ಉಪ್ಪಿನ ದ್ರಾವಣ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. 2012ರಲ್ಲಿ ಫಲಿತಾಂಶ ಬಂತು: 90 ದಿನಗಳೊಳಗೆ ಉಪ್ಪಿನ ದ್ರಾವಣ ಪಡೆದ ನೂರರಲ್ಲಿ 43 ಮಂದಿ ತೀರಿಕೊಂಡಿದ್ದರು, ಗಂಜಿ ಪಡೆದ ನೂರರಲ್ಲಿ 51. ಅಂದರೆ ನೂರಕ್ಕೆ ಎಂಟು ಪ್ರಾಣ! ಅದೇ ವರ್ಷ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ 7000 ರೋಗಿಗಳ ಪ್ರಯೋಗದಲ್ಲಿ ಸಾವಿನ ವ್ಯತ್ಯಾಸ ಸಿದ್ಧವಾಗಲಿಲ್ಲ. ಆದರೆ ಡಯಾಲಿಸಿಸ್‌ನಂಥ ಚಿಕಿತ್ಸೆ ಬೇಕಾದವರು ಗಂಜಿಯ ಪಾಲಿನಲ್ಲೇ ಹೆಚ್ಚಿದ್ದರು. ಆ ಪ್ರಯೋಗಕ್ಕೆ ಗಂಜಿ ಮಾರುವ ಕಂಪನಿಯೂ ಹಣ ಕೊಟ್ಟಿತ್ತು. ಆದರೂ ಸತ್ಯ ಹೊರಬಿತ್ತು, ಏಕೆಂದರೆ ಲೆಕ್ಕದ ಪುಸ್ತಕ ಕಂಪನಿಯ ಕೈಯಲ್ಲಿರಲಿಲ್ಲ.

ಇಷ್ಟಾದ ಮೇಲೂ ಮಾರಾಟ ನಿಂತಿತೇ? 2013ರಲ್ಲಿ ಯೂರೋಪಿನ ಔಷಧ ಸಂಸ್ಥೆ ನಂಜೇರಿದವರಿಗೆ ಇದನ್ನು ಕೊಡಕೂಡದೆಂದಿತು. ಕೊಡುವುದು ನಡೆದೇ ಇತ್ತು. ಕೊನೆಗೆ 2022ರಲ್ಲಿ ಪರವಾನಗಿಯನ್ನೇ ಅಮಾನತಿನಲ್ಲಿಡಬೇಕಾಯಿತು. ನಡುವಿನ ಒಂಬತ್ತು ವರ್ಷಗಳ ಲೆಕ್ಕ ಕೊಡುವವರು ಯಾರು?

'ಬಡವರ ಮೈಮೇಲೆ ಪ್ರಯೋಗವೇ ಬೇಡ' ಎನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ, ಆದರೆ ತೀರ್ಮಾನ ತಪ್ಪು. ಈ ಪ್ರಯೋಗಗಳು ನಡೆಯದಿದ್ದರೆ ಗಂಜಿ ಇಂದಿಗೂ ಹಾಗೆಯೇ ಹರಿಯುತ್ತಿತ್ತು. ಪರೀಕ್ಷಿಸದೆ ಕೊಡುವ ಔಷಧವೂ ಪ್ರಯೋಗವೇ, ಲೆಕ್ಕವಿಡದ ಪ್ರಯೋಗ. ನಮ್ಮ ಜಗಳ ತಕ್ಕಡಿಯೊಡನಲ್ಲ, ಕಳ್ಳ ಬಟ್ಟಿನೊಡನೆ.

ನಮ್ಮ ದೇಶದಲ್ಲೂ ಕಾನೂನಿದೆ. ಪ್ರಯೋಗಗಳನ್ನು ಮೊದಲೇ ನೋಂದಾಯಿಸಬೇಕೆಂಬ ಕಡ್ಡಾಯ 2009ರಿಂದ ಇದೆ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. 2019ರ ನಿಯಮಗಳ ಪ್ರಕಾರ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯನಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಆ ಸಾಮಾನ್ಯ ವ್ಯಕ್ತಿ ಗಿರಣಿ ಕಾರ್ಮಿಕನೇಕೆ ಆಗಬಾರದು? ಕಿರಾಣಿ ವ್ಯಾಪಾರಿಯೇಕೆ ಆಗಬಾರದು?

ಆದ್ದರಿಂದ ನಮ್ಮ ಒತ್ತಾಯ ಇದು:

1. ತೀವ್ರ ನಿಗಾ ಘಟಕದ ಔಷಧಗಳ ಪ್ರಯೋಗ ಸಾರ್ವಜನಿಕ ಹಣದಿಂದ ನಡೆಯಲಿ.

2. ಫಲಿತಾಂಶ ಕಂಪನಿಗೆ ಸಿಹಿಯಾಗಲಿ ಕಹಿಯಾಗಲಿ, ಪೂರ್ತಿ ಪ್ರಕಟವಾಗಲಿ.

3. ಒಪ್ಪಿಗೆಯ ಕಾಗದ ತಿಳಿಗನ್ನಡದಲ್ಲಿರಲಿ. ಸಹಿಗೆ ಮೊದಲು ಓದಿ ಹೇಳಲಿ.

4. ನೈತಿಕ ಸಮಿತಿಗಳಲ್ಲಿ ಕಾರ್ಮಿಕ ಸಂಘದ, ವರ್ತಕರ ಸಂಘದ ಪ್ರತಿನಿಧಿಗಳಿಗೆ ಸ್ಥಾನ ಸಿಗಲಿ.

ಬಂಧುಗಳೇ, ನಿಮ್ಮವರು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಹೆಬ್ಬೆಟ್ಟು ಒತ್ತುವ ಮೊದಲು ಕೇಳಿ: ಇದು ಪ್ರಯೋಗವೇ? ಯಾರ ಹಣ? ಲೆಕ್ಕ ಯಾರ ಬಳಿ? ಹೀಗೆ ಕೇಳುವುದು ವೈದ್ಯರಿಗೆ ತೋರುವ ಅಗೌರವವಲ್ಲ. ಅದು ನಿಮ್ಮ ಹಕ್ಕು.